ಸಣ್ಣ ಮೋಟಾರು ಸೈಕಲ್ಲಿನ ಎಂಜಿನ್ ಎಣ್ಣೆ: ಅದರ ಆಯ್ಕೆ ಮತ್ತು ಬದಲಾವಣೆಯ ಕ್ರಮ

ಗಾಡಿಯ ಅಚ್ಚಿಗೆ ಕೀಲೆಣ್ಣೆಯನ್ನು ಹಾಕದೆ ಸಂತೆಗೆ ಹೊರಡುವುದು ನಮ್ಮ ರೈತರಲ್ಲಿ ಎಂದಿಗೂ ವಾಡಿಕೆಯಾಗಿರಲಿಲ್ಲ. ಆ ಗಾಡಿಯ ಕೆಲಸದಲ್ಲಿ ಬಹುಭಾಗವನ್ನು ಈಗ 100 ಅಥವಾ 125 ಸಿ.ಸಿ. ಗಾತ್ರದ ಮೋಟಾರು ಸೈಕಲ್ಲು ವಹಿಸಿಕೊಂಡಿರುವುದು. ಹಾಲಿನ ಕ್ಯಾನು ಡೈರಿಗೂ, ಗೊಬ್ಬರದ ಚೀಲ ಹೊಲಕ್ಕೂ, ತರಕಾರಿಯ ಮೂಟೆ ಮಾರುಕಟ್ಟೆಗೂ ಅದರ ಮೇಲೆಯೇ ಸಾಗುವುವು. ಆದರೆ ಅಚ್ಚಿನ ವಿಷಯದಲ್ಲಿದ್ದ ಎಚ್ಚರಿಕೆಯು ಎಂಜಿನ್ನಿನ ವಿಷಯದಲ್ಲಿ ಅಪರೂಪವಾಗಿ ಕಾಣಬರುತ್ತದೆ. ಅಚ್ಚು ಒಣಗಿದರೆ ಕಿರುಗುಟ್ಟಿ ತಾನೇ ತಿಳಿಸುವುದು. ಎಂಜಿನ್ನಿನೊಳಗಿನ ಎಣ್ಣೆಯು ಸಾರಗುಂದಿದರೆ ಹೊರಗೆ ಯಾವ ಸದ್ದೂ ಬೇಗ ಕೇಳದು. ಕೇಳುವ ವೇಳೆಗೆ ಪಿಸ್ಟನ್ನೂ ಸಿಲಿಂಡರೂ ಸವೆದಿರುವುವು. ಕೆಲವು ನೂರು ರೂಪಾಯಿಗಳ ಎಣ್ಣೆಯನ್ನು ಉಳಿಸಲು ಹೋಗಿ, ಸುಗ್ಗಿಯ ಕಾಲದಲ್ಲಿ ವಾಹನವಿಲ್ಲದೆ, ಹಲವು ಸಾವಿರ ರೂಪಾಯಿಗಳನ್ನು ರಿಪೇರಿಗೆ ತೆರಬೇಕಾದ ಸಂದರ್ಭವು ಹೀಗೆ ಒದಗುವುದು.

ಎಣ್ಣೆಯ ಕೆಲಸ

ಮೈಸೂರಿನ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾಗುತ್ತಿದ್ದ ಜಾವಾ ಮತ್ತು ಯೆಜ್ಡಿ ವಾಹನಗಳು ಎರಡು ಸ್ಟ್ರೋಕಿನವು. ಅವುಗಳ ಎಂಜಿನ್ ಎಣ್ಣೆಯು ಪೆಟ್ರೋಲಿನೊಡನೆ ಬೆರೆತು ಉರಿದುಹೋಗುತ್ತಿದ್ದಿತು. ಪ್ರತಿಸಲವೂ ಹೊಸ ಎಣ್ಣೆಯೇ ಒಳಗೆ ಹೋಗುತ್ತಿದ್ದುದರಿಂದ ಅದನ್ನು ಬದಲಾಯಿಸುವ ಪ್ರಶ್ನೆಯು ಇರಲಿಲ್ಲ. 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಬಂದ ಮೇಲೆ ನಾಲ್ಕು ಸ್ಟ್ರೋಕಿನ ಸಣ್ಣ ಎಂಜಿನ್ ನಮ್ಮಲ್ಲಿ ಬಳಕೆಗೆ ಬಂದಿತು. ಇದರಲ್ಲಿ ಎಣ್ಣೆಯು ಉರಿಯದೆ ಎಂಜಿನ್ನಿನ ತಳದಲ್ಲಿಯೇ ನಿಂತು, ತಿಂಗಳುಗಟ್ಟಲೆ ಸುತ್ತುತ್ತಿರುವುದು.

ಟ್ರಾಕ್ಟರಿನಲ್ಲಿ ಎಂಜಿನ್ನಿಗೆ ಒಂದು ಎಣ್ಣೆ, ಗೇರುಪೆಟ್ಟಿಗೆಗೆ ಬೇರೊಂದು ಎಣ್ಣೆ. ಸಣ್ಣ ಮೋಟಾರು ಸೈಕಲ್ಲಿನಲ್ಲಾದರೋ ಸುಮಾರು ಒಂದು ಲೀಟರಿನಷ್ಟು ಎಣ್ಣೆಯೇ ಎಂಜಿನ್ನು, ಗೇರು, ಕ್ಲಚ್ಚು ಈ ಮೂರಕ್ಕೂ ಸಲ್ಲಬೇಕು. ಗಾಳಿಯಿಂದ ತಣಿಯುವ ಈ ಎಂಜಿನ್ನಿನ ಶಾಖವನ್ನು ಹೊತ್ತು ಹೊರಹಾಕುವುದೂ ಅದರ ಕೆಲಸವೇ. ಟ್ರಾಕ್ಟರಿನ ಎಂಜಿನ್ ನಿಮಿಷಕ್ಕೆ ಸುಮಾರು 2,000 ಸುತ್ತು ತಿರುಗಿದರೆ, ಈ ಸಣ್ಣ ಎಂಜಿನ್ ಪೂರ್ಣಬಲದಲ್ಲಿ 7,000ದಿಂದ 8,000 ಸುತ್ತು ತಿರುಗುವುದು. ಒಂದು ಲೀಟರಿನಲ್ಲಿ 200 ಮಿಲಿಲೀಟರು ಕಡಮೆಯಾದರೆ ಐದರಲ್ಲೊಂದು ಪಾಲು ಹೋದಂತಾಯಿತು. ಆದಕಾರಣ ಎಣ್ಣೆಯ ಗುಣವೂ ಅಳತೆಯೂ ಇಲ್ಲಿ ಬಹು ಮುಖ್ಯವಾದುವು.

ಎಣ್ಣೆಯ ಆಯ್ಕೆ

ಡಬ್ಬಿಯ ಮೇಲೆ ಮೂರು ಗುರುತುಗಳನ್ನು ನೋಡತಕ್ಕದ್ದು. ಮೊದಲನೆಯದು ಎಸ್.ಎ.ಇ. ಅಂಕ, ಇದು ಎಣ್ಣೆಯ ಮಂದತೆಯನ್ನು ತಿಳಿಸುವುದು. 10ಡಬ್ಲ್ಯು-30 ಎಂದಿದ್ದರೆ ಮೊದಲನೆಯ ಸಂಖ್ಯೆಯು ಚಳಿಯಲ್ಲಿ ಎಣ್ಣೆ ಹರಿಯುವ ಬಗೆಯನ್ನೂ, ಎರಡನೆಯದು 100 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಅದಕ್ಕಿರುವ ಮಂದತೆಯನ್ನೂ ಸೂಚಿಸುವುವು. ರಾಯಚೂರು, ಕಲಬುರಗಿ ಮೊದಲಾದ ಬಿಸಿಲು ಸೀಮೆಗಳಲ್ಲಿ ಎಣ್ಣೆಯು ಮಂದವಾಗಿದ್ದಷ್ಟೂ ಒಳ್ಳೆಯದೆಂಬ ನಂಬಿಕೆಯುಂಟು. ಕೈಪಿಡಿಯು ಒಪ್ಪಿದ ಅಂಕವನ್ನು ಮೀರಿ ಮಂದವಾದ ಎಣ್ಣೆಯನ್ನು ಹಾಕಿದರೆ, ಬೆಳಗಿನ ಹೊತ್ತು ಅದು ಎಂಜಿನ್ನಿನ ಮೇಲ್ಭಾಗವನ್ನು ತಲುಪುವುದು ತಡವಾಗುವುದಲ್ಲದೆ ಪೆಟ್ರೋಲಿನ ಖರ್ಚೂ ಹೆಚ್ಚುವುದು.

ಎರಡನೆಯದು ಎ.ಪಿ.ಐ. ದರ್ಜೆ. ಎಸ್ ಎಂಬ ಅಕ್ಷರದಿಂದ ಆರಂಭವಾಗುವುದು ಪೆಟ್ರೋಲ್ ಎಂಜಿನ್ನಿಗೆ, ಸಿ ಎಂಬುದರಿಂದ ಆರಂಭವಾಗುವುದು ಡೀಸೆಲ್ ಎಂಜಿನ್ನಿಗೆ ಸಂಬಂಧಿಸಿದುದು. ಎಸ್.ಜೆ., ಎಸ್.ಎಲ್., ಎಸ್.ಎಂ., ಎಸ್.ಎನ್. ಎಂದು ಅಕ್ಷರವು ಮುಂದುವರಿದಂತೆ ದರ್ಜೆಯು ಹೊಸದೆಂದು ತಿಳಿಯಬೇಕು.

ಮೂರನೆಯ ಗುರುತೇ ಹೆಚ್ಚಾಗಿ ಅಲಕ್ಷ್ಯಕ್ಕೆ ಗುರಿಯಾಗುವಂಥದು. ಅದು ಜಪಾನಿನಲ್ಲಿ 1998ರಲ್ಲಿ ಏರ್ಪಟ್ಟ ಜಾಸೋ ದರ್ಜೆ. ಕ್ಲಚ್ಚಿನ ಬಿಲ್ಲೆಗಳು ಎಣ್ಣೆಯಲ್ಲಿಯೇ ಮುಳುಗಿರುವುದರಿಂದ, ಅವು ಒಂದನ್ನೊಂದು ಹಿಡಿಯಲು ಎಣ್ಣೆಯು ಅತಿಯಾಗಿ ಜಾರದಂತಿರಬೇಕು. ಎಂ.ಎ., ಎಂ.ಎ.1, ಎಂ.ಎ.2 ಎಂಬ ಗುರುತಿನವು ಇದಕ್ಕೆ ತಕ್ಕುವು. ಎಂ.ಬಿ. ಎಂಬುದು ಒಣ ಕ್ಲಚ್ಚಿರುವ ಗೇರಿಲ್ಲದ ಸ್ಕೂಟರುಗಳಿಗೆ ಮೀಸಲು. ಕಾರಿಗಾಗಿ ತಯಾರಿಸಿದ, ಇಂಧನ ಉಳಿಸುವ ಎಣ್ಣೆಗಳಲ್ಲಿ ಜಾರಿಕೆಯನ್ನು ಹೆಚ್ಚಿಸುವ ವಸ್ತುಗಳು ಸೇರಿರುವುದುಂಟು. ಅವನ್ನು ಹಾಕಿದರೆ ಹೊರೆಯೊಡನೆ ದಿಣ್ಣೆ ಹತ್ತುವಾಗ ಎಂಜಿನ್ ಅಬ್ಬರಿಸುವುದೇ ಹೊರತು ಗಾಡಿ ಮುಂದೆ ಸಾಗದು. ಟ್ರಾಕ್ಟರಿಗೋ ಪಂಪುಸೆಟ್ಟಿಗೋ ತಂದ ಎಣ್ಣೆಯು ಮನೆಯಲ್ಲಿ ಉಳಿದಿದೆಯೆಂದು ಅದನ್ನು ಮೋಟಾರು ಸೈಕಲ್ಲಿಗೆ ಸುರಿಯುವ ಪದ್ಧತಿಯನ್ನು ಬಿಡತಕ್ಕದ್ದು.

ಬೆಲೆ ಹೆಚ್ಚಾದ ಸಿಂಥೆಟಿಕ್ ಎಣ್ಣೆಯೇ ಬೇಕೆಂಬ ನಿಯಮವೇನೂ ಇಲ್ಲ. ಕೈಪಿಡಿಯಲ್ಲಿ ಹೇಳಿದ ಮೂರು ಗುರುತುಗಳೂ ಹೊಂದಿದರೆ ಸಾಮಾನ್ಯ ಮಿನರಲ್ ಎಣ್ಣೆಯನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸುವುದೇ ಲಾಭಕರ. ಮುದ್ರೆ ಒಡೆಯದ ಡಬ್ಬಿಯನ್ನು, ತಯಾರಾದ ತಾರೀಖನ್ನು ನೋಡಿ, ರಸೀದಿಯೊಡನೆ ಕೊಳ್ಳಬೇಕು. ಬರಿದಾದ ಡಬ್ಬಿಯನ್ನು ಕತ್ತರಿಸಿ ಹಾಕಿದರೆ ನಕಲಿ ಎಣ್ಣೆ ತುಂಬುವವರ ಕೈಗೆ ಅದು ಸಿಕ್ಕದು.

ಬದಲಾಯಿಸುವ ಕಾಲ

ಹೊಸ ವಾಹನದಲ್ಲಿ ಲೋಹದ ಸಣ್ಣ ಪುಡಿಯು ಹೆಚ್ಚಾಗಿ ಉದುರುವುದರಿಂದ ಮೊದಲನೆಯ ಬದಲಾವಣೆಯು 500ರಿಂದ 1,000 ಕಿಲೋಮೀಟರಿನೊಳಗೆ ಆಗತಕ್ಕದ್ದು. ಅನಂತರ ಬಹುತೇಕ ಕೈಪಿಡಿಗಳು 3,000ದಿಂದ 6,000 ಕಿಲೋಮೀಟರಿನ ಅವಧಿಯನ್ನು ವಿಧಿಸುತ್ತವೆ. ದಿನಕ್ಕೆ 20 ಕಿಲೋಮೀಟರು ಓಡಿಸುವವನಿಗೆ 3,000 ಕಿಲೋಮೀಟರು ಐದು ತಿಂಗಳಲ್ಲಿ ತುಂಬುವುದು. ಧೂಳಿನ ಬಂಡಿದಾರಿ, ಭಾರವಾದ ಹೊರೆ, ಮನೆಯಿಂದ ಹೊಲಕ್ಕೆ ಪದೇಪದೇ ಮಾಡುವ ಸಣ್ಣ ಪಯಣ, ಇವೆಲ್ಲವೂ ಎಣ್ಣೆಯನ್ನು ಬೇಗ ಕೆಡಿಸುವುವು. ಇಂಥವರು ಅವಧಿಗೆ ಮೊದಲೇ ಬದಲಾಯಿಸುವುದು ಲೇಸು. ಓಟವು ಕಡಮೆಯಿದ್ದರೂ ವರ್ಷಕ್ಕೊಮ್ಮೆಯಾದರೂ ಬದಲಾವಣೆಯಾಗಬೇಕು.

ಎಣ್ಣೆಯು ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದು ತಿಳಿಯಬೇಕಾದುದಿಲ್ಲ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಅದರ ಧರ್ಮ. ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೂ, ಪೆಟ್ರೋಲಿನ ವಾಸನೆ ಬಲವಾಗಿದ್ದರೆ ಇಂಧನವು ಸೇರಿದೆಯೆಂದೂ ಅರಿತು ಕೂಡಲೇ ಬದಲಾಯಿಸಿ, ಕಾರಣವನ್ನು ಮೆಕ್ಯಾನಿಕ್ಕಿನಿಂದ ತಿಳಿಯಬೇಕು. ಮಳೆಗಾಲದಲ್ಲಿ ಹಳ್ಳ ದಾಟುವ ಮಲೆನಾಡಿನವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಬದಲಾಯಿಸುವ ಕ್ರಮ

1. ಎಂಜಿನ್ನನ್ನು ಮೂರು ನಾಲ್ಕು ನಿಮಿಷ ನಡೆಸಿ ನಿಲ್ಲಿಸಬೇಕು. ಬೆಚ್ಚಗಾದ ಎಣ್ಣೆಯು ಕೊಳೆಯೊಡನೆ ಸುಲಭವಾಗಿ ಇಳಿಯುವುದು. ಬಹಳ ಕಾದಿದ್ದರೆ ಕೈ ಸುಡುವ ಭಯವುಂಟು.

2. ವಾಹನವನ್ನು ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟಾಂಡಿನ ಮೇಲೆ ನಿಲ್ಲಿಸಿ, ಸುತ್ತಲ ಧೂಳನ್ನು ಒರಸಿ, ಎಣ್ಣೆ ತುಂಬುವ ಮುಚ್ಚಳವನ್ನು ತೆಗೆಯಬೇಕು.

3. ಎಂಜಿನ್ನಿನ ತಳದಲ್ಲಿ ಅಗಲವಾದ ಪಾತ್ರೆಯನ್ನಿಟ್ಟು, ಅಳತೆಗೆ ಸರಿಯಾದ ಸ್ಪ್ಯಾನರಿನಿಂದ ಡ್ರೈನ್ ಬೋಲ್ಟನ್ನು ಬಿಚ್ಚಬೇಕು. ಎಣ್ಣೆಯು ಇಳಿದ ಮೇಲೆ, ಕೀಲಿಯನ್ನು ಬಂದುಮಾಡಿಯೇ ಕಿಕ್ಕರನ್ನು ಕೆಲವು ಸಲ ಮೆಲ್ಲನೆ ತುಳಿದರೆ ಉಳಿದುದೂ ಬರುವುದು.

4. ಬೋಲ್ಟನ್ನು ಒರಸಿ, ಹೊಸ ವಾಷರು ಹಾಕಿ, ಮೊದಲು ಕೈಯಿಂದಲೇ ತಿರುಗಿಸಿ, ಆಮೇಲೆ ಮಿತವಾಗಿ ಬಿಗಿಯಬೇಕು. ಎಂಜಿನ್ನಿನ ಕವಚವು ಅಲ್ಯೂಮಿನಿಯಮ್ಮಿನದಾದುದರಿಂದ ಬಲಪ್ರಯೋಗದಿಂದ ಮರೆಯು ಹರಿದುಹೋಗುವುದು.

5. ಬದಲಾವಣೆಗೆಂದು ಕೈಪಿಡಿಯಲ್ಲಿ ಹೇಳಿದ ಅಳತೆಯನ್ನು ಆಲಿಕೆಯಿಂದ ಹಾಕಬೇಕು. ಎಂಜಿನ್ನನ್ನು ಪೂರ್ಣ ಬಿಚ್ಚಿದಾಗ ಹಿಡಿಯುವ ಅಳತೆಯು ಇದಕ್ಕಿಂತ ಹೆಚ್ಚಾಗಿರುವುದರಿಂದ ಇಡೀ ಡಬ್ಬಿಯನ್ನು ಕಣ್ಣುಮುಚ್ಚಿ ಸುರಿಯಕೂಡದು.

6. ಮೂರು ನಿಮಿಷ ಎಂಜಿನ್ ನಡೆಸಿ, ನಿಲ್ಲಿಸಿ, ಮತ್ತೆ ಎರಡು ಮೂರು ನಿಮಿಷ ಕಾದು ಅಳತೆಕಡ್ಡಿಯಿಂದ ನೋಡಬೇಕು. ಕೆಲವು ವಾಹನಗಳಲ್ಲಿ ಕಡ್ಡಿಯನ್ನು ತಿರುಪದೆ ಸುಮ್ಮನೆ ಇಳಿಬಿಟ್ಟು ನೋಡುವುದು ಕ್ರಮ. ಎಣ್ಣೆಯು ಎರಡು ಗೀಟುಗಳ ನಡುವೆ, ಮೇಲಿನ ಗೀಟಿನ ಸಮೀಪದಲ್ಲಿರಬೇಕು, ಮೀರಬಾರದು.

ಅನೇಕ ಸಣ್ಣ ಎಂಜಿನ್ನುಗಳಲ್ಲಿ ಕಾಗದದ ಫಿಲ್ಟರಿಲ್ಲದೆ ತಂತಿಯ ಜರಡಿಯೊಂದು ಕವಚದೊಳಗಿರುವುದು. ಅದನ್ನು ಕೈಪಿಡಿಯ ಅವಧಿಯಂತೆ ಮೆಕ್ಯಾನಿಕ್ಕಿನಿಂದ ಶುಚಿಮಾಡಿಸಬೇಕು. ಎಣ್ಣೆಯ ಮಟ್ಟವನ್ನು ಹದಿನೈದು ದಿನಗಳಿಗೊಮ್ಮೆ ನೋಡುವ ಅಭ್ಯಾಸವು ಒಳ್ಳೆಯದು. ಹೊಗೆಯು ನೀಲಿಯಾಗಿ, ಮಟ್ಟವು ಬೇಗ ಇಳಿಯುತ್ತಿದ್ದರೆ ಎಣ್ಣೆಯು ಒಳಗೆ ಉರಿಯುತ್ತಿದೆಯೆಂದು ತಿಳಿಯತಕ್ಕದ್ದು.

ಹಳೆಯ ಎಣ್ಣೆ

ತೆಗೆದ ಎಣ್ಣೆಯನ್ನು ಬೇಲಿಯ ಬುಡಕ್ಕೋ ಕಾಲುವೆಗೋ ಚೆಲ್ಲುವುದು ರೈತನು ತನ್ನ ಹೊಲಕ್ಕೆ ತಾನೇ ಮಾಡಿಕೊಳ್ಳುವ ಕೇಡು. ಅದರಲ್ಲಿ ಲೋಹದ ಅಂಶಗಳೂ ವಿಷವಸ್ತುಗಳೂ ಇದ್ದು, ಮಣ್ಣಿನಲ್ಲಿ ಬಹುಕಾಲ ನಿಂತು ಬಾವಿಯ ನೀರನ್ನು ಸೇರಬಲ್ಲವು. ದನಕರುಗಳ ಗಾಯಕ್ಕೆ ಅದನ್ನು ಬಳಿಯುವ ರೂಢಿಯೂ ಹಾನಿಕರವೇ. ಕೈಗೆ ತಗಲಿದುದನ್ನು ಸಾಬೂನಿನಿಂದ ತೊಳೆಯಬೇಕು. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಂತೆ ಬಳಸಿದ ಎಣ್ಣೆಯು ಅಧಿಕೃತ ಶುದ್ಧೀಕರಣಗಾರರಿಗೆ ಸೇರತಕ್ಕದ್ದು. ಆದುದರಿಂದ ಅದನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಸಂಗ್ರಹಿಸುವ ಸರ್ವೀಸ್ ಕೇಂದ್ರಕ್ಕೆ ಒಪ್ಪಿಸಬೇಕು.

ಬಿತ್ತನೆಯ ದಿನವನ್ನೂ ಹಸು ಗಬ್ಬವಾದ ದಿನವನ್ನೂ ಬರೆದಿಡುವ ಪುಸ್ತಕದಲ್ಲಿಯೇ ಎಣ್ಣೆ ಬದಲಾಯಿಸಿದ ತಾರೀಖನ್ನೂ ಅಂದಿನ ಕಿಲೋಮೀಟರನ್ನೂ ಬರೆದಿಟ್ಟರೆ ಮುಂದಿನ ಅವಧಿಯು ತಪ್ಪದು. ಇದಕ್ಕೆ ತಗಲುವ ಕಾಲವು ಅರ್ಧ ಗಂಟೆ. ಇಷ್ಟು ಶ್ರಮವನ್ನು ವಹಿಸಿದವರ ವಾಹನವು ಅನೇಕ ವರ್ಷಗಳ ಕಾಲ ನಂಬಿಕೆಯಿಂದ ದುಡಿಯುವುದರಲ್ಲಿ ಸಂದೇಹವಿಲ್ಲ.