ಕಳುವಾದ ಒಂದು ತುಪ್ಪದ ಬಾಟಲಿಗೆ ಇಪ್ಪತ್ತೊಂದು

ತಿಂಗಳ ಕೊನೆಯ ಸ್ಟಾಕ್ ಎಣಿಕೆ ಶುರುವಾಗುತ್ತಿದ್ದದ್ದು ರಾತ್ರಿ ಒಂಬತ್ತೂವರೆಗೆ, ಶಟರ್ ಅರ್ಧ ಎಳೆದ ಮೇಲೆ. ಮೈಸೂರಿನ ಮಧ್ಯಮ ಗಾತ್ರದ ಸೂಪರ್ ಮಾರ್ಕೆಟ್ ಒಂದಕ್ಕೆ ನಾನು ಲೆಕ್ಕ ಬರೆಯುತ್ತಿದ್ದ ಕಾಲವದು. ಅರ್ಧ ಲೀಟರಿನ ತುಪ್ಪದ ಬಾಟಲಿ ಕಂಪ್ಯೂಟರಿನಲ್ಲಿ 48, ರ‍್ಯಾಕ್‌ನಲ್ಲಿ 45. "ಅಣ್ಣಾ, ಮೂರು ಕಮ್ಮಿ ಬರ್ತಿದೆ. ಇನ್ನೊಂದ್ಸಲ ಎಣಿಸ್ಲಾ?" ಅಂದ ಹುಡುಗಿ ಬೆಳಿಗ್ಗೆ ಎಂಟಕ್ಕೇ ಕೆಲಸಕ್ಕೆ ಬಂದವಳು. ಇನ್ನೊಂದು ಸಲ ಎಣಿಸಿದರೂ 45. ಪಕ್ಕದ ಸಾಲಿನಲ್ಲಿ ಗೋಧಿ ಹಿಟ್ಟಿನ ಪ್ಯಾಕೆಟ್‌ಗಳ ಹಿಂದೆ ಕೈಹಾಕಿದಾಗ ಚಾಕೊಲೇಟಿನ ನಾಲ್ಕು ಖಾಲಿ ಕವರ್ ಸಿಕ್ಕವು, ನೀಟಾಗಿ ಮಡಚಿಟ್ಟವು. ಇದಕ್ಕೆಲ್ಲ ಅಂಗಡಿಯವರ ಬಾಯಲ್ಲಿ ಇರುವುದು ಒಂದೇ ಹೆಸರು: ಶಾರ್ಟೇಜ್.

ಮೂರು ಬಾಟಲಿ ತಾನೇ ಎನ್ನುವವರಿಗಾಗಿ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಉದಾಹರಣೆಗೆ ಹೀಗಿಟ್ಟುಕೊಳ್ಳಿ. ಅರ್ಧ ಲೀಟರ್ ತುಪ್ಪವನ್ನು ಅಂಗಡಿ ₹300ಕ್ಕೆ ಕೊಂಡು, ಅದರ ಮೇಲೆ ಶೇ 5ರಂತೆ ₹15 ಜಿಎಸ್‌ಟಿ ಕಟ್ಟಿದೆ. ಬಾಟಲಿಯ ಮೇಲಿನ ಎಂಆರ್‌ಪಿ ₹375, ಅಂಗಡಿ ಮಾರುವುದು ₹350ಕ್ಕೆ. ಅದರಲ್ಲಿ ತೆರಿಗೆ ತೆಗೆದರೆ ಉಳಿಯುವುದು ₹333, ಅಂದರೆ ಕೊಂಡ ಬೆಲೆಯ ಮೇಲೆ ₹33. ಬಾಡಿಗೆ, ಕರೆಂಟು, ಸಂಬಳ, ಸಾಗಣೆ ಎಲ್ಲವೂ ಈ ₹33ರೊಳಗೇ ಮುಗಿಯಬೇಕು. ಕೊನೆಗೆ ಕೈಯಲ್ಲಿ ನಿಲ್ಲುವುದೆಷ್ಟು ಎಂಬುದಕ್ಕೆ ದೇಶದ ದೊಡ್ಡ ಸರಪಳಿಯೊಂದರ ಲೆಕ್ಕವೇ ಅಳತೆಗೋಲಾಗಬಹುದು. ಡಿಮಾರ್ಟ್ ಮಳಿಗೆಗಳನ್ನು ನಡೆಸುವ ಅವೆನ್ಯೂ ಸೂಪರ್‌ಮಾರ್ಟ್ಸ್‌ನ 2024-25ರ ಆದಾಯ ₹59,358 ಕೋಟಿ, ತೆರಿಗೆ ಕಳೆದು ಉಳಿದ ಲಾಭ ₹2,707 ಕೋಟಿ. ನೂರಕ್ಕೆ ನಾಲ್ಕೂವರೆ ರೂಪಾಯಿ. ಅಚ್ಚುಕಟ್ಟಾಗಿ ನಡೆಯುವ ಅಂಗಡಿಯ ಪಾಡೇ ಇದು. ಇದೇ ದರದಲ್ಲಿ ನಮ್ಮ ತುಪ್ಪದ ಬಾಟಲಿಯಿಂದ ಉಳಿಯುವುದು ಹೆಚ್ಚೆಂದರೆ ₹15.

ಈಗ ಒಂದು ಬಾಟಲಿ ಚೀಲದೊಳಗೆ ಸೇರಿ, ಬಿಲ್ ಆಗದೆ ಬಾಗಿಲು ದಾಟಿತು. ₹300 ಹೋಯಿತು, ಸರಿ. ಕಟ್ಟಿದ್ದ ₹15 ತೆರಿಗೆಯೂ ಹೋಯಿತು ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ. ಸಾಮಾನ್ಯವಾಗಿ ಖರೀದಿಯ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಮಾರಾಟದ ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳಬಹುದು. ಆದರೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಂ ಪ್ರಕಾರ ಕಳುವಾದ, ಕಳೆದುಹೋದ, ಹಾಳಾದ ಸರಕಿಗೆ ಆ ಸೌಲಭ್ಯವಿಲ್ಲ. ಕಳ್ಳ ಒಯ್ದ ತುಪ್ಪದ ತೆರಿಗೆಯನ್ನೂ ಅಂಗಡಿಯೇ ಹೊರಬೇಕು. ಒಟ್ಟು ₹315. ಬಾಟಲಿಗೆ ₹15ರಂತೆ ಅದನ್ನು ತುಂಬಿಕೊಳ್ಳಲು 21 ಬಾಟಲಿ ಮಾರಬೇಕು. ಬಾಡಿಗೆ, ಸಂಬಳ ಹೇಗೂ ಆಗುವ ಖರ್ಚು, ಅದನ್ನು ಸೇರಿಸಬೇಡಿ ಎಂದು ವಾದಿಸಿದರೂ ಹತ್ತಕ್ಕಿಂತ ಕಡಿಮೆಯಾಗುವುದಿಲ್ಲ. ಆ ರಾತ್ರಿಯ ಮೂರು ಬಾಟಲಿಗೆ 63.

ಕಳ್ಳತನವಾದರೆ ಅಂಗಡಿಯವರು ಬೆಲೆ ಏರಿಸುತ್ತಾರೆ ಎನ್ನುವ ಮಾತನ್ನು ಎಲ್ಲ ಕಡೆ ಕೇಳುತ್ತೇವೆ. ನಮ್ಮಲ್ಲಿ ಅದು ಅರ್ಧ ಮಾತ್ರ ನಿಜ. ಪ್ಯಾಕೆಟ್ ಸರಕಿಗೆ ಎಂಆರ್‌ಪಿ ಎಂಬ ಬೇಲಿ ಇದೆ, ಅದನ್ನು ದಾಟಿ ಒಂದು ರೂಪಾಯಿ ಹೆಚ್ಚಿಗೆ ಮಾರಿದರೂ ಕಾನೂನುಭಂಗ. ಹೀಗಾಗಿ ನಷ್ಟ ಬೆಲೆಯನ್ನು ಏರಿಸುವುದಿಲ್ಲ, ರಿಯಾಯಿತಿಯನ್ನು ತಿನ್ನುತ್ತದೆ. ತಿಂಗಳಿಗೆ ನೂರು ಬಾಟಲಿ ಮಾರುವ ಅಂಗಡಿಯಲ್ಲಿ ಮೂರು ಕಳುವಾದರೆ ನಷ್ಟ ₹945. ಅದನ್ನು ನೂರು ಜನರ ಮೇಲೆ ಹಂಚಿ, ತೆರಿಗೆ ಸೇರಿಸಿದರೆ ತಲಾ ₹10. ಸಿಗಬೇಕಿದ್ದ ₹25ರ ರಿಯಾಯಿತಿ ₹15ಕ್ಕೆ ಇಳಿಯುತ್ತದೆ. ಬಿಲ್ಲಿನ ಕೆಳಗೆ 'ನೀವು ಉಳಿಸಿದ್ದು ₹15' ಎಂದು ಅಚ್ಚಾಗಿರುತ್ತದೆ, ಗಿರಾಕಿ ಖುಷಿಯಿಂದಲೇ ಹೋಗುತ್ತಾರೆ. ಕಳೆದುಕೊಂಡ ಹತ್ತು ರೂಪಾಯಿ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ನನ್ನನ್ನು ಕಾಡುವುದು ಇದೇ.

ಎಂಆರ್‌ಪಿ ಇಲ್ಲದ ಸರಕಿನ ಕತೆ ಬೇರೆ. ಬಿಡಿ ಬೇಳೆ, ಬಿಡಿ ಅಕ್ಕಿ, ತರಕಾರಿಗೆ ಬೇಲಿ ಇಲ್ಲ. ಕಿಲೋಗೆ ಒಂದೆರಡು ರೂಪಾಯಿ ಸದ್ದಿಲ್ಲದೆ ಏರಿಸಬಹುದು. ತುಪ್ಪ, ಚಾಕೊಲೇಟು, ಶ್ಯಾಂಪೂ ಕದ್ದವರ ಸಾಲವನ್ನು ಅರ್ಧ ಕಿಲೋ ಬೇಳೆ ತೂಗಿಸಿಕೊಂಡು ಹೋಗುವ ಮನೆಯವರು ತೀರಿಸುತ್ತಾರೆ. ಇದು ಅನ್ಯಾಯ ಎನ್ನಲು ನನಗೆ ಹಿಂಜರಿಕೆಯಿಲ್ಲ.

ಒಂದು ಮನೆಗೆ ವರ್ಷಕ್ಕೆ ಈ ಹೊರೆ ಎಷ್ಟು ಬೀಳಬಹುದು? ಬ್ರಿಟನ್ನಿನ ಸೆಂಟರ್ ಫಾರ್ ರಿಟೇಲ್ ರಿಸರ್ಚ್ 2011ರಲ್ಲಿ 43 ದೇಶಗಳ ಸಮೀಕ್ಷೆ ಪ್ರಕಟಿಸಿತ್ತು. ಮಾರಾಟದಲ್ಲಿ ಶೇ 2.38ರಷ್ಟು ಸೋರಿಕೆ, ಅಂದರೆ ಶಾರ್ಟೇಜ್, ಇದ್ದ ಭಾರತ ಅದರಲ್ಲಿ ಮೊದಲ ಸ್ಥಾನದಲ್ಲಿತ್ತು, ಜಗತ್ತಿನ ಸರಾಸರಿ ಶೇ 1.45. ಆ ಸಮೀಕ್ಷೆಗೆ ಹಣ ಕೊಟ್ಟದ್ದು ಕಳ್ಳತನ ತಡೆಯುವ ಉಪಕರಣ ಮಾರುವ ಕಂಪನಿ ಎಂಬುದನ್ನು ಮರೆಯಬಾರದು. ಸೋರಿಕೆಯೆಲ್ಲ ಗಿರಾಕಿಗಳ ಕೈಚಳಕವೂ ಅಲ್ಲ. ಅದೇ ಸಮೀಕ್ಷೆಯ ಜಾಗತಿಕ ಸರಾಸರಿಯಲ್ಲಿ ಗಿರಾಕಿಗಳ ಪಾಲು ಶೇ 43, ಸಿಬ್ಬಂದಿಯದು ಶೇ 35, ಉಳಿದದ್ದು ಲೆಕ್ಕದ ತಪ್ಪು ಮತ್ತು ಸರಬರಾಜುದಾರರ ಮೋಸ. ಅಮೆರಿಕದ ರಿಟೇಲ್ ಒಕ್ಕೂಟದ ಸಮೀಕ್ಷೆಯಂತೆ 2022ರಲ್ಲಿ ಅಲ್ಲಿನ ಸೋರಿಕೆ ಶೇ 1.6, ಅದರಲ್ಲಿ ಹೊರಗಿನವರ ಕಳ್ಳತನ ಶೇ 36. ತಿಂಗಳಿಗೆ ₹8,000ದ ಸಾಮಾನು ತರುವ ಮನೆ ವರ್ಷಕ್ಕೆ ₹96,000 ಖರ್ಚು ಮಾಡುತ್ತದೆ. ಅಮೆರಿಕದ ದರ ಹಿಡಿದರೆ ಗಿರಾಕಿ ಕಳ್ಳತನದ ಪಾಲು ಸುಮಾರು ₹550, 2011ರ ಭಾರತದ ದರಕ್ಕೆ ಆ ಜಾಗತಿಕ ಶೇ 43ರ ಪಾಲು ಹಿಡಿದರೆ ₹980ರ ಹತ್ತಿರ. ತಿಂಗಳಿಗೆ ಒಂದು ಲೀಟರ್ ಹಾಲಿನ ದುಡ್ಡು, ಇಲ್ಲವೇ ಹೆಚ್ಚುಕಡಿಮೆ ಅದರ ಎರಡರಷ್ಟು.

ಸಂಖ್ಯೆಗಳನ್ನು ಉಬ್ಬಿಸುವವರೂ ಇದ್ದಾರೆ. ಸುಮಾರು 9,450 ಕೋಟಿ ಡಾಲರ್ ನಷ್ಟದಲ್ಲಿ ಅರ್ಧದಷ್ಟಕ್ಕೆ ಸಂಘಟಿತ ತಂಡಗಳೇ ಕಾರಣ ಎಂದಿದ್ದ ಅದೇ ಅಮೆರಿಕನ್ ಒಕ್ಕೂಟ, 2023ರ ಡಿಸೆಂಬರಿನಲ್ಲಿ ಆ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದಕ್ಕೇ ನಾನು ಎಲ್ಲ ಕಡೆಯೂ ಚಿಕ್ಕ ಅಂಕಿಯನ್ನೂ ಜೊತೆಗಿಟ್ಟು ಬರೆಯುತ್ತಿದ್ದೇನೆ.

ಬ್ರಿಟನ್ನಿನಲ್ಲಿ ವಿಷಯ ಕೈಮೀರಿದೆ. ಅಲ್ಲಿನ ರಿಟೇಲ್ ಒಕ್ಕೂಟದ ಪ್ರಕಾರ 2023-24ರಲ್ಲಿ 2.04 ಕೋಟಿ ಕಳ್ಳತನ, ದಿನಕ್ಕೆ 55,000ಕ್ಕೂ ಮಿಕ್ಕಿ. ಹೋದ ಮಾಲು 220 ಕೋಟಿ ಪೌಂಡ್. ತಡೆಯಲು ಇಟ್ಟ ಕಾವಲು, ಕ್ಯಾಮೆರಾಗಳಿಗೆ ಇನ್ನೂ 180 ಕೋಟಿ ಪೌಂಡ್! ಅಂದರೆ ಕಳ್ಳ ಒಯ್ದ ಪ್ರತಿ 100 ಪೌಂಡಿನ ಜೊತೆಗೆ ಅವನಿಗೆ ಹೆದರಿ ಇನ್ನೂ ಸುಮಾರು 80 ಖರ್ಚಾಗಿದೆ. ಆದರೆ 2024ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಪೊಲೀಸರ ಕಡತ ಸೇರಿದ್ದು 5.17 ಲಕ್ಷ ಪ್ರಕರಣ ಮಾತ್ರ. ವರ್ಷವೂ ಪ್ರದೇಶವೂ ಪೂರ್ತಿ ಒಂದೇ ಅಲ್ಲ, ಆದರೂ ಅಂದಾಜಿಗೆ ನಲವತ್ತಕ್ಕೆ ಒಂದು. 200 ಪೌಂಡಿನೊಳಗಿನ ಕಳ್ಳತನವನ್ನು ಸಣ್ಣ ಅಪರಾಧವೆಂದು ವಿಂಗಡಿಸಿದ 2014ರ ಕಾನೂನನ್ನು ಅಲ್ಲಿನ ಅಂಗಡಿಯವರು ಬೈಯುತ್ತಾ ಬಂದಿದ್ದಾರೆ. ಒಂದು ಕಳ್ಳತನದ ಸರಾಸರಿ 108 ಪೌಂಡ್ ಎನ್ನುವಾಗ ಅವರ ಸಿಟ್ಟು ಅರ್ಥವಾಗುತ್ತದೆ.

ನಮ್ಮ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂನಲ್ಲೂ ಇಂಥ ಒಂದು ಗೆರೆ ಇದೆ. ಮೊದಲ ಸಲದ ಕಳ್ಳತನ, ಮಾಲಿನ ಬೆಲೆ ₹5,000ಕ್ಕಿಂತ ಕಡಿಮೆ, ಮಾಲು ಅಥವಾ ಅದರ ಬೆಲೆ ಹಿಂತಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ. ಒಂದು ಚಾಕೊಲೇಟಿಗೆ ಹುಡುಗನನ್ನು ಜೈಲಿಗೆ ತಳ್ಳದ ಈ ನಿಯಮ ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಆದರೆ ಠಾಣೆಗೆ ಹೋದರೆ ಅಂಗಡಿಯ ಒಂದು ದಿನ ಹಾಳು. ₹315ಕ್ಕಾಗಿ ಯಾರು ಹೋಗುತ್ತಾರೆ?

ಆಗ ಸುಲಭವಾಗಿ ಸಿಗುವುದು ಕೆಲಸದವರ ಸಂಬಳ. ಕಾನೂನು ಇದಕ್ಕೂ ಮಿತಿ ಹಾಕಿದೆ. ವೇತನ ಸಂಹಿತೆಯ ಪ್ರಕಾರ ನಷ್ಟಕ್ಕೆ ಸಂಬಳ ಹಿಡಿಯಬೇಕಾದರೆ ಆ ಸರಕನ್ನು ಅವರ ಸುಪರ್ದಿಗೇ ಒಪ್ಪಿಸಿರಬೇಕು, ನಷ್ಟ ನೇರವಾಗಿ ಅವರ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಅವರ ಸಮಜಾಯಿಷಿ ಕೇಳಿರಬೇಕು. ಯಾರು ಬೇಕಾದರೂ ಕೈಹಾಕಬಹುದಾದ ರ‍್ಯಾಕ್ ಯಾರ ಸುಪರ್ದಿ? ಆ ರಾತ್ರಿ ಮಾಲೀಕರು ಮೂರು ಬಾಟಲಿಯ ದುಡ್ಡನ್ನು ಮೂವರ ಸಂಬಳದಲ್ಲಿ ಹಿಡಿಯಲು ಹೇಳಿದಾಗ ನಾನು ಕೇಳಿದ್ದು ಇಷ್ಟನ್ನೇ. ಬಹಳ ಹೊತ್ತು ಸುಮ್ಮನಿದ್ದು, "ಸರಿ, ಶಾರ್ಟೇಜ್‌ಗೇ ಬರೀರಿ" ಅಂದರು.

ಮಾರನೆಯ ದಿನದಿಂದ ತುಪ್ಪ ಬಿಲ್ಲಿಂಗ್ ಕೌಂಟರಿನ ಹಿಂದಿನ ಗಾಜಿನ ಕಪಾಟು ಸೇರಿತು. ಕೀಲಿ ಆ ಹುಡುಗಿಯ ಸೊಂಟದಲ್ಲಿ. ಮಧ್ಯಾಹ್ನ ಒಬ್ಬರು ಅಜ್ಜಿ ಹಳೆಯ ರ‍್ಯಾಕ್‌ನ ಮುಂದೆ ಎರಡು ಸಲ ಹೋಗಿ ಬಂದರು, ಖಾಲಿ ಜಾಗ ನೋಡಿದರು, ಯಾರನ್ನೂ ಕೇಳದೆ ಕಡಲೆಬೇಳೆ ಮಾತ್ರ ಬಿಲ್ ಮಾಡಿಸಿಕೊಂಡು ಹೋದರು.