ಗರಸಿನ ಗುಂಡಿ ಕೆರೆಯಾಗಬೇಕಾದರೆ

ಹತ್ತೊಂಬತ್ತನೇ ಶತಮಾನದ ಕೊನೆಗೆ ಸದರ್ನ್ ಮರಾಠಾ ರೈಲ್ವೆಯವರು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಮೇಲೆ ಹಳಿ ಹಾಸಿದರು. ಆಮೇಲೆ ಬೆಂಗಳೂರು–ಪುಣೆ ಹೆದ್ದಾರಿ ಅಗಲವಾಯಿತು, ಇತ್ತೀಚೆಗೆ ಜೋಡಿ ಹಳಿ ಬಂತು. ಇಂಥ ಕೆಲಸಕ್ಕೆಲ್ಲ ಏರಿಗೆ ಹಾಕಲು ಗರಸು ಬೇಕು. ಗರಸು ತೆಗೆದ ಕಡೆ ಗುಂಡಿ ಉಳಿಯುತ್ತದೆ. ಮಳೆಗಾಲದಲ್ಲಿ ಅದು ಕೆಂಪು ನೀರಿನ ಹೊಂಡ, ಬೇಸಿಗೆಯಲ್ಲಿ ಕಸ ಸುರಿಯುವ ಜಾಗ. ಈಜಲು ಇಳಿದ ಮಕ್ಕಳಿಗೆ ಆಳ ಎಲ್ಲಿ ಶುರುವಾಗುತ್ತದೆಂದು ತಿಳಿಯುವುದಿಲ್ಲ. ಪ್ರತಿ ಮಳೆಗಾಲವೂ ನಾಡಿನ ಎಲ್ಲಿಂದಲಾದರೂ ಅಂಥದೊಂದು ಸಾವಿನ ಸುದ್ದಿ ಬರುತ್ತದೆ.

ಇಂಥ ಗುಂಡಿಗಳನ್ನೇ ಕೆರೆಯಾಗಿ ಬೆಳೆಸಿದ ಉದಾಹರಣೆಗಳಿವೆ. ಇಂಗ್ಲೆಂಡಿನ ಸೆವೆನೋಕ್ಸ್‌ನಲ್ಲಿ ಜೆಫ್ರಿ ಹ್ಯಾರಿಸನ್ ಎಂಬ ವೈದ್ಯರು 1956ರಲ್ಲಿ ಜಲ್ಲಿ ಗಣಿಯೊಂದನ್ನು ನೀರುಹಕ್ಕಿಗಳ ತಾಣವಾಗಿಸಲು ಹೊರಟರು. ಇಂದು ಅದು ಹೆಸರುವಾಸಿ ಪಕ್ಷಿಧಾಮ. ಆದರೆ ಅದನ್ನು ಹಾಗೇ ಇಲ್ಲಿಗೆ ತಂದರೆ ಕೆಲಸ ಕೆಡುತ್ತದೆ. ಅಲ್ಲಿನ ಜಲ್ಲಿ ಗಣಿಗಳು ನದಿ ಬಯಲಿನವು, ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಅಗೆದವು. ಅಗೆತ ನಿಂತರೆ ನೀರು ತಾನಾಗಿ ಏರಿ ನಿಲ್ಲುತ್ತದೆ. ನಮ್ಮ ಗರಸು ಸಿಗುವುದು ದಿಬ್ಬದ ಮೇಲೆ, ಕಲ್ಲು ಕೊಳೆತು ಪುಡಿಯಾದ ಪದರದಲ್ಲಿ. ಅಂತರ್ಜಲ ಇರುವುದು ಗುಂಡಿಯ ತಳಕ್ಕಿಂತ ಎಷ್ಟೋ ಕೆಳಗೆ. ಗುಂಡಿಗೆ ಮಳೆಯೊಂದೇ ಗತಿ.

ಲೆಕ್ಕ ಹಾಕಿ ನೋಡೋಣ. ಈ ಸೀಮೆಯಲ್ಲಿ ತೆರೆದ ನೀರು ವರ್ಷಕ್ಕೆ ಸುಮಾರು ಒಂದೂವರೆ ಮೀಟರಿನಷ್ಟು ಆವಿಯಾಗುತ್ತದೆ. ಬೀಳುವ ಮಳೆ ಅದರ ಅರ್ಧದ ಆಸುಪಾಸು. ಒಂದು ಎಕರೆ ಗುಂಡಿಯ ಮೇಲೆ ನೇರವಾಗಿ ಬೀಳುವ ನೀರು ಸುಮಾರು 3,000 ಘನ ಮೀಟರ್, ಆವಿಯಾಗುವುದು 6,000. ತಳದಲ್ಲಿ ಇಂಗುವುದು ಬೇರೆ. ಹಾಗಾಗಿ ಹಳ್ಳದ ನೀರೋ ಹೊಲದ ಹರಿವೋ ಬಂದು ಸೇರದ ಗುಂಡಿ ಎಂದಿಗೂ ಕೆರೆಯಾಗದು. ನಮ್ಮ ಹಿರಿಯರು ಕೆರೆ ಕಟ್ಟುವಾಗ ಮೊದಲು ನೋಡುತ್ತಿದ್ದುದು ನೀರು ಬರುವ ದಾರಿಯನ್ನೇ.

ಇಂಗುವುದನ್ನು ತಡೆಯುವ ಮದ್ದು ಬ್ಯಾಡಗಿ ಸೀಮೆಯ ಹೊಲದಲ್ಲೇ ಇದೆ, ಮೆಣಸಿನಕಾಯಿ ಬೆಳೆಯುವ ಎರೆಮಣ್ಣು. ಅದರಲ್ಲಿರುವ ಸ್ಮೆಕ್ಟೈಟ್ ಎಂಬ ಜೇಡಿ ಖನಿಜದ ಪದರಗಳ ನಡುವೆ ನೀರು ಹೊಕ್ಕು, ಮಣ್ಣು ಉಬ್ಬಿ, ಸಂದುಗಳು ಮುಚ್ಚಿಹೋಗುತ್ತವೆ. ಎರೆಮಣ್ಣನ್ನು ಹದವಾಗಿ ನೆನೆಸಿ, ತಳಕ್ಕೆ ಹರಡಿ, ರೋಲರ್ ಹೊಡೆದರೆ ನೀರು ನಿಲ್ಲುತ್ತದೆ. ಆದರೆ ಅದೇ ಮಣ್ಣು ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದಕ್ಕೇ ಮೇಲೊಂದು ಪದರ ಗರಸು ಮುಚ್ಚಬೇಕು, ತಳ ಪೂರ್ತಿ ಒಣಗದಷ್ಟು ಆಳವನ್ನೂ ಉಳಿಸಬೇಕು. ಎಲ್ಲ ಗುಂಡಿಗೂ ಈ ಖರ್ಚು ಬೇಕಿಲ್ಲ. ಸುತ್ತ ಬೋರ್‌ವೆಲ್‌ಗಳು ಬತ್ತುತ್ತಿರುವ ಕಡೆ ನೀರು ಇಂಗಲಿ ಎಂದು ಬಿಡುವುದೇ ಜಾಣತನ.

ನೀರಿನಷ್ಟೇ ಮುಖ್ಯವಾದದ್ದು ದಂಡೆಯ ಆಕಾರ. ಜೆಸಿಬಿ ಕೊರೆದ ದಂಡೆ ಗೋಡೆಯಂತೆ ನೆಟ್ಟಗಿರುತ್ತದೆ. ಜಾರಿ ಬಿದ್ದವರಿಗೆ ಕಾಲೂರಲು ನೆಲವಿಲ್ಲ, ಜೊಂಡು ಬೇರೂರಲೂ ಜಾಗವಿಲ್ಲ. ಒಂದು ಅಡಿ ಇಳಿಯಲು ಕನಿಷ್ಠ ಮೂರು ಅಡಿ ನಡೆಯುವಂಥ ಇಳಿಜಾರು, ಅಂಚಿನಲ್ಲಿ ಮೊಣಕಾಲುದ್ದ ನೀರು ನಿಲ್ಲುವ ಹಲಗೆಯಂಥ ಜಾಗ ಇದ್ದರೆ ಎರಡೂ ಸರಿಹೋಗುತ್ತವೆ. ಜೇಕು, ಆಪು ಬೆಳೆದು ನೀರಿನ ಕೆಸರು ತಿಳಿಯಾಗುತ್ತದೆ, ಗುಳುಮುಳುಕ ಗೂಡು ಕಟ್ಟುತ್ತದೆ. ತಳದಲ್ಲಿ ಚಿಕ್ಕ ಚಿಕ್ಕ ಕುಳಿಗಳನ್ನು ಮಾತ್ರ ಬಿಡಬಾರದು. ಮೀನು ಬದುಕದ ಅಂಥ ನೀರು ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ತವರು.

ಒಂದು ಬದಿಯ ನೆಟ್ಟ ಗೋಡೆಯನ್ನು, ಜನ ಹತ್ತಿರ ಹೋಗದಂತೆ ಬೇಲಿ ಹಾಕಿ, ಹಾಗೇ ಉಳಿಸಬೇಕು. ಕಳ್ಳಿಪೀರ, ಮಿಂಚುಳ್ಳಿಗಳು ಬಿಲ ಕೊರೆದು ಮೊಟ್ಟೆ ಇಡುವುದು ಅಂಥ ಮಣ್ಣಿನ ಗೋಡೆಯಲ್ಲೇ. ಸುತ್ತಲಿನ ಗರಸು ನೆಲದಲ್ಲೆಲ್ಲ ಸಸಿ ನೆಡುವ ಉತ್ಸಾಹಕ್ಕೂ ಮಿತಿ ಬೇಕು. ಟಿಟ್ಟಿಭ ಮೊಟ್ಟೆ ಇಡುವುದು ಬರೀ ಹರಳಿನ ನೆಲದ ಮೇಲೆ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕಾಗಿ 1974ರಲ್ಲೇ 119 ಚದರ ಕಿಲೋಮೀಟರ್ ಅಭಯಾರಣ್ಯ ಆಗಿದೆ, ಆ ಪ್ರಾಣಿಗೆ ಬೇಕಾದುದು ಬಯಲು ಹುಲ್ಲುಗಾವಲು. ಮನುಷ್ಯ ಕಟ್ಟಿದ ನೀರೂ ಹಕ್ಕಿಗೆ ಸಲ್ಲುತ್ತದೆ ಎನ್ನಲು ಪಕ್ಕದ ಗದಗ ಜಿಲ್ಲೆಯೇ ಸಾಕ್ಷಿ. ನೀರಾವರಿಗೆಂದು ಕಟ್ಟಿದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಅದು ರಾಮ್ಸಾರ್ ತಾಣವಾಯಿತು.

ಇಷ್ಟೆಲ್ಲವೂ ಅಗ್ಗವಾಗುವುದು ಯಂತ್ರ ಇನ್ನೂ ಗುಂಡಿಯಲ್ಲಿರುವಾಗ. ಕೆಲಸ ಮುಗಿಸಿ ಹೊರಟ ಯಂತ್ರವನ್ನು ದಂಡೆ ಇಳಿಜಾರು ಮಾಡಲೆಂದೇ ಮತ್ತೆ ಕರೆಸುವ ಹಣ ಯಾವ ಪಂಚಾಯಿತಿಯಲ್ಲೂ ಇರುವುದಿಲ್ಲ. ಆದ್ದರಿಂದ ಷರತ್ತು ಹಾಕಬೇಕಾದುದು ಅನುಮತಿ ಕೊಡುವಾಗಲೇ. 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಐದು ಹೆಕ್ಟೇರಿಗಿಂತ ಸಣ್ಣ ಗರಸಿನಂಥ ಉಪಖನಿಜದ ಗಣಿಗೂ ಪರಿಸರ ಅನುಮತಿ ಬೇಕೆಂದಿತು. 2022ರಲ್ಲಿ ಶುರುವಾದ ಅಮೃತ ಸರೋವರ ಯೋಜನೆಯಲ್ಲಿ ಕನಿಷ್ಠ ಒಂದು ಎಕರೆಯ, 10,000 ಘನ ಮೀಟರ್ ನೀರು ಹಿಡಿಯುವ ಕೆರೆ ತೋಡಿ, ಆ ಮಣ್ಣನ್ನು ರಸ್ತೆ, ರೈಲು ಕಾಮಗಾರಿಗೆ ಬಳಸುವ ಆಲೋಚನೆಯೂ ಇದೆ. ನಿಮ್ಮೂರಿನ ಗುಡ್ಡದಲ್ಲಿ ಗರಸು ತೆಗೆಯಲು ಯಾರಾದರೂ ಅನುಮತಿ ಕೇಳಿದಾಗ, ಎಲ್ಲಿ ಅಗೆಯುತ್ತೀರಿ, ಹೋಗುವಾಗ ದಂಡೆ ಹೇಗಿರುತ್ತದೆ, ನೀರು ಎಲ್ಲಿಂದ ಬರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಕೇಳಿ, ಉತ್ತರವನ್ನು ಠರಾವಿನಲ್ಲಿ ಬರೆಸಿ.