ಪೇಟೆಬೀದಿಯ ಹಳೆಯ ಕಟ್ಟಡಗಳು: ಪಾರಂಪರಿಕ ಪಟ್ಟಿ ಮತ್ತು ಗ್ರಾಮ ಪಂಚಾಯಿತಿಯ ಪಾತ್ರ

ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಮಾಹಿತಿಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ.

ಹೋಬಳಿ ಕೇಂದ್ರಗಳಲ್ಲಿಯೂ ಸಂತೆ ನಡೆಯುವ ದೊಡ್ಡ ಗ್ರಾಮಗಳಲ್ಲಿಯೂ ಒಂದು ಮುಖ್ಯ ಬೀದಿ ಇರುತ್ತದೆ. ಕೆಲವೆಡೆ ಅದು ಪೇಟೆಬೀದಿ, ಕೆಲವೆಡೆ ತೇರುಬೀದಿ, ಇನ್ನು ಕೆಲವೆಡೆ ಅಗಸೆ ಬಾಗಿಲಿನಿಂದ ಚಾವಡಿಯವರೆಗಿನ ದಾರಿ. ಎತ್ತರದ ಜಗಲಿ, ಬೋದಿಗೆ ಹೊತ್ತ ಮರದ ಕಂಬಗಳು, ಮಂಗಳೂರು ಹೆಂಚಿನ ಇಳಿಜಾರು ಅಥವಾ ಮಣ್ಣಿನ ಮಾಳಿಗೆ, ಕೆಳಗೆ ಅಂಗಡಿ, ಹಿಂದೆ ತೊಟ್ಟಿಮನೆ, ಸಾಲಿನ ನಡುವೆ ಒಂದು ಛತ್ರ ಅಥವಾ ಹಳೆಯ ಶಾಲೆ ಇಂತಹ ಬೀದಿಯ ಲಕ್ಷಣಗಳು. ಇವುಗಳಲ್ಲಿ ಯಾವುದೂ ಬೇಲೂರಿನ ದೇವಾಲಯದಂತೆ ಪ್ರಸಿದ್ಧವಲ್ಲ. ಯಾವ ಇಲಾಖೆಯ ನಾಮಫಲಕವೂ ಇವುಗಳ ಮುಂದೆ ಇಲ್ಲ. ಆದುದರಿಂದಲೇ ಇವು ಸದ್ದಿಲ್ಲದೆ ಇಲ್ಲವಾಗುತ್ತಿವೆ. ಇವುಗಳ ರಕ್ಷಣೆಗೆ ನಗರಗಳಲ್ಲಿ ಬಳಕೆಗೆ ಬಂದಿರುವ ‘ಪಾರಂಪರಿಕ ಪಟ್ಟಿ’ಯ ಕ್ರಮವೇನು, ಅದರ ಬಲ ಎಷ್ಟು, ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ಅದರಿಂದ ಏನನ್ನು ಅಳವಡಿಸಿಕೊಳ್ಳಬಹುದು ಎಂಬುದನ್ನು ಮುಂದೆ ವಿವರಿಸಲಾಗಿದೆ.

ಸ್ಮಾರಕ ಬೇರೆ, ಪಾರಂಪರಿಕ ಕಟ್ಟಡ ಬೇರೆ

ಈ ಎರಡರ ನಡುವಣ ಗೊಂದಲವೇ ಅನೇಕ ತಪ್ಪು ನಿರ್ಣಯಗಳಿಗೆ ಕಾರಣವಾಗಿದೆ. ಕೇಂದ್ರ ಸರ್ಕಾರದ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮವು ಕನಿಷ್ಠ 100 ವರ್ಷ ಹಳೆಯದಾದ, ರಾಷ್ಟ್ರೀಯ ಮಹತ್ವವುಳ್ಳ ಸ್ಮಾರಕಗಳಿಗೆ ಅನ್ವಯಿಸುತ್ತದೆ. 2010ರ ತಿದ್ದುಪಡಿಯ ಪ್ರಕಾರ, ಅಂತಹ ಸ್ಮಾರಕದ ಸಂರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ. ಅದರಾಚೆಗೆ ಮತ್ತೆ 200 ಮೀಟರ್‌ವರೆಗೆ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಖಾಸಗಿಯವರು ಹೊಸ ಮನೆ ಕಟ್ಟುವಂತಿಲ್ಲ. ಇರುವ ಮನೆಯ ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ಗ್ರಾಮ ಪಂಚಾಯಿತಿ ಪರವಾನಗಿ ನೀಡಿದೆ ಎಂಬ ಕಾರಣಕ್ಕೆ ಈ ನಿರ್ಬಂಧ ಸಡಿಲವಾಗುವುದಿಲ್ಲ. ಪಂಚಾಯಿತಿಯ ಪರವಾನಗಿಯನ್ನು ನಂಬಿ ಸಾಲ ಮಾಡಿ ಮನೆ ಕಟ್ಟಿದವನಿಗೆ ಅನಂತರ ತೆರವಿನ ನೋಟಿಸು ಬಂದರೆ, ಅವನ ಮುಂದೆ ಉತ್ತರ ಹೇಳಬೇಕಾದವರು ಸ್ಥಳೀಯ ಸದಸ್ಯರೇ. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ಕರ್ನಾಟಕ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳ ಅಧಿನಿಯಮವಿದ್ದು, ಅವುಗಳ ಹೊಣೆ ಮೈಸೂರಿನಲ್ಲಿ ಕೇಂದ್ರ ಕಚೇರಿಯಿರುವ ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆಯದು.

ಪೇಟೆಬೀದಿಯ ಅಂಗಡಿ ಸಾಲು ಸಾಮಾನ್ಯವಾಗಿ ಈ ಎರಡೂ ಅಧಿನಿಯಮಗಳ ರಕ್ಷಣೆಯ ಹೊರಗೆ ಉಳಿಯುತ್ತದೆ. ಅಂತಹ ಕಟ್ಟಡಗಳಿಗಾಗಿ ಇರುವುದು ಯೋಜನಾ ಕಾನೂನಿನ ಮಾರ್ಗ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಲ್ಲಿ ‘ಪಾರಂಪರಿಕ ಕಟ್ಟಡ’ ಎಂಬುದರ ವ್ಯಾಖ್ಯೆ ಸೇರಿದೆ. ವಾಸ್ತುಶಿಲ್ಪದ, ಸೌಂದರ್ಯದ, ಇತಿಹಾಸದ ಅಥವಾ ಸಂಸ್ಕೃತಿಯ ಮೌಲ್ಯವುಳ್ಳದ್ದೆಂದು ಯೋಜನಾ ಪ್ರಾಧಿಕಾರ ಅಥವಾ ಸಕ್ಷಮ ಪ್ರಾಧಿಕಾರವು ಘೋಷಿಸಿದ ಕಟ್ಟಡವೇ ಅದು. ಒಂದು ಕಟ್ಟಡವಲ್ಲದೆ, ಅದರ ಸುತ್ತಲಿನ ಆವರಣವನ್ನೂ ‘ಪಾರಂಪರಿಕ ವಲಯ’ವೆಂದು ಘೋಷಿಸಲು ಅವಕಾಶವಿದೆ. ಬೀದಿಗಳ ವಿಷಯದಲ್ಲಿ ಈ ಎರಡನೆಯ ಅವಕಾಶವೇ ಹೆಚ್ಚು ಉಪಯುಕ್ತ. ಬೀದಿಯೆಂಬುದು ಸಾಲು, ಸಾಲಿನಲ್ಲಿ ಒಂದು ಮನೆ ಉಳಿದು ಅಕ್ಕಪಕ್ಕದ ಹತ್ತು ಮನೆ ಹೋದರೆ ಉಳಿದ ಮನೆಗೆ ಅರ್ಥವಿರುವುದಿಲ್ಲ.

ಶ್ರೇಣಿ ಎಂಬ ಉಪಾಯ

ಭಾರತದಲ್ಲಿ ನಗರಮಟ್ಟದ ಪಟ್ಟಿಗೆ ನಿಯಮ ರೂಪದ ಬಲ ಬಂದದ್ದು 1995ರಲ್ಲಿ, ಮುಂಬಯಿ ನಗರದ ಪಾರಂಪರಿಕ ನಿಯಮಾವಳಿಯಿಂದ. ಅಲ್ಲಿ ಕಟ್ಟಡಗಳನ್ನು ಮೂರು ಶ್ರೇಣಿಗಳಾಗಿ ವಿಂಗಡಿಸಲಾಯಿತು. ಮೊದಲ ಶ್ರೇಣಿಯವು ಅಸಾಧಾರಣ ಮಹತ್ವದವು. ಅವುಗಳ ಒಳಹೊರಗುಗಳಲ್ಲಿ ಅತ್ಯಗತ್ಯ ದುರಸ್ತಿಯ ಹೊರತು ಬದಲಾವಣೆಗೆ ಅವಕಾಶವಿಲ್ಲ. ಎರಡನೆಯವು ಪ್ರಾದೇಶಿಕ ಅಥವಾ ಸ್ಥಳೀಯ ಮಹತ್ವದವು. ಒಳಗೆ ಮಾರ್ಪಾಡು ಮಾಡಿ ಹೊಸ ಬಳಕೆಗೆ ಒಗ್ಗಿಸಬಹುದು. ಮೂರನೆಯವು ಬೀದಿಯ ಒಟ್ಟು ಚಹರೆಗೆ ಮಹತ್ವವುಳ್ಳವು. ಆ ಚಹರೆ ಕೆಡದಂತೆ ಒಳಗೂ ಹೊರಗೂ ಬದಲಾವಣೆ ಮಾಡಬಹುದು.

ಗ್ರಾಮದ ಮುಖ್ಯ ಬೀದಿಯ ಹೆಚ್ಚಿನ ಕಟ್ಟಡಗಳು ಈ ಮೂರನೆಯ ವರ್ಗಕ್ಕೆ ಸೇರತಕ್ಕವು. ಇದನ್ನು ಸ್ಪಷ್ಟಪಡಿಸದಿದ್ದರೆ, ‘ಪಟ್ಟಿಗೆ ಸೇರಿದರೆ ಮನೆಗೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ’ ಎಂಬ ಮಾತು ಊರಿನಲ್ಲಿ ಹರಡಿ, ಪಟ್ಟಿ ಸಿದ್ಧವಾಗುವ ಮೊದಲೇ ಕಟ್ಟಡಗಳು ನೆಲಸಮವಾಗುವ ಸಂಭವವಿದೆ. ಒಳಗೆ ಶೌಚಾಲಯ, ಅಡುಗೆಮನೆ, ವಿದ್ಯುತ್ ತಂತಿ, ಹಿಂಭಾಗದಲ್ಲಿ ಹೊಸ ಕೋಣೆ ಇವಾವುದಕ್ಕೂ ಮೂರನೆಯ ಶ್ರೇಣಿ ಅಡ್ಡಿಯಲ್ಲ. ಬೀದಿಗೆ ಕಾಣುವ ಮುಖ, ಜಗಲಿ, ಸೂರಿನ ಎತ್ತರ ಇವಿಷ್ಟನ್ನೇ ಅದು ಕೇಳುತ್ತದೆ.

ಪಟ್ಟಿಯ ಬಲವೂ ದೌರ್ಬಲ್ಯವೂ

ಹೈದರಾಬಾದಿನಲ್ಲಿಯೂ 1995ರಲ್ಲಿಯೇ ಪಾರಂಪರಿಕ ಕಟ್ಟಡಗಳ ಪಟ್ಟಿಯು ವಲಯ ನಿಯಮದ ಒಂದು ಭಾಗವಾಗಿ ಜಾರಿಗೆ ಬಂದಿತು. ಎರಡು ದಶಕಗಳ ಅನಂತರ, 2015ರಲ್ಲಿ, ಸರ್ಕಾರದ ಒಂದು ಆದೇಶದಿಂದ ಆ ನಿಯಮವನ್ನು ತೆಗೆದುಹಾಕಲಾಯಿತು. 2017ರಲ್ಲಿ ತೆಲಂಗಾಣದಲ್ಲಿ ಹೊಸ ಪರಂಪರೆ ಅಧಿನಿಯಮ ಬಂದಿತು. ಹಿಂದಿನ ಪಟ್ಟಿಯಲ್ಲಿದ್ದ ಇರ್ರಮ್ ಮಂಜಿಲ್ ಅರಮನೆಯನ್ನು ಕೆಡವಿ ಆ ಸ್ಥಳದಲ್ಲಿ ವಿಧಾನಸಭಾ ಕಟ್ಟಡ ಕಟ್ಟುವ ನಿರ್ಧಾರವಾದಾಗ, ಆ ರಾಜ್ಯದ ಹೈಕೋರ್ಟ್ 2019ರಲ್ಲಿ ಅದನ್ನು ರದ್ದುಪಡಿಸಿತು. ಆದೇಶದಿಂದ ಬಂದ ಪಟ್ಟಿ ಆದೇಶದಿಂದಲೇ ಹೋಗಬಹುದು. ಆದರೂ ಒಮ್ಮೆ ಕ್ರಮಬದ್ಧವಾಗಿ ದಾಖಲಾದ ಕಟ್ಟಡವನ್ನು ಕೆಡವಲು ಹೊರಟವರು ನ್ಯಾಯಾಲಯಕ್ಕೆ ಕಾರಣ ಹೇಳಬೇಕಾಗುತ್ತದೆ. ದಾಖಲೆಯೇ ಇಲ್ಲದ ಕಟ್ಟಡದ ಪರವಾಗಿ ಯಾರೂ ವಾದಿಸಲಾರರು.

ನಮ್ಮ ರಾಜ್ಯದ ಉದಾಹರಣೆ ಇನ್ನೂ ಕಠಿಣವಾದುದು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ಮತ್ತು ದೇವರಾಜ ಮಾರುಕಟ್ಟೆ ಎರಡೂ ಒಡೆಯರ ಕಾಲದ, ಹತ್ತೊಂಬತ್ತನೆಯ ಶತಮಾನದ ಕಟ್ಟಡಗಳು; ಎರಡೂ ಮಹಾನಗರ ಪಾಲಿಕೆಯ ಸ್ವತ್ತು. ಅವುಗಳ ಪಾರಂಪರಿಕ ಮಹತ್ವ ಎಲ್ಲರಿಗೂ ತಿಳಿದಿತ್ತು. ಆದರೂ 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಮೃತಪಟ್ಟರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಕುಸಿಯಿತು. ಎರಡೂ ಕುಸಿತಗಳು ಮಳೆಗಾಲದಲ್ಲಿ ಸಂಭವಿಸಿದವು ಎಂಬುದನ್ನು ಗಮನಿಸಬೇಕು. ಮುಂದೆ ಕೆಡವಿ ಕಟ್ಟುವುದೋ ದುರಸ್ತಿ ಮಾಡುವುದೋ ಎಂಬ ವಿವಾದ ವರ್ಷಗಟ್ಟಲೆ ನಡೆದು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಆ ನಡುವಿನ ಅನಿಶ್ಚಯದ ಭಾರ ಬಿದ್ದದ್ದು ಬಾಡಿಗೆಯ ಮಳಿಗೆಗಳ ವ್ಯಾಪಾರಿಗಳ ಮೇಲೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸೂರಿನ ಸೋರಿಕೆ ನಿಲ್ಲುವುದಿಲ್ಲ.

ಹಂಪಿಯ ವಿರೂಪಾಕ್ಷ ಬಜಾರಿನದು ಬೇರೆ ಬಗೆಯ ಪಾಠ. ದೇವಾಲಯದ ಮುಂದಿನ ಆ ಸಾಲು ಮಂಟಪಗಳಲ್ಲಿ ತಲೆಮಾರುಗಳಿಂದ ಜನ ಅಂಗಡಿ, ಮನೆ ಮಾಡಿಕೊಂಡಿದ್ದರು. ಹೊಸ ಗೋಡೆಗಳು, ಮೇಲಂತಸ್ತುಗಳು ಒಂದೊಂದಾಗಿ ಸೇರುತ್ತ ಬಂದವು. ವಿಶ್ವ ಪರಂಪರೆಯ ಸ್ಥಾನ 1986ರಲ್ಲಿ ದೊರೆತಿದ್ದರೂ ಈ ಬೆಳವಣಿಗೆ ನಿಲ್ಲಲಿಲ್ಲ. ಕೊನೆಗೆ 2011ರಲ್ಲಿ ಬಜಾರಿನ ನಿವಾಸಿಗಳನ್ನು ತೆರವುಗೊಳಿಸಲಾಯಿತು. ಅವರಿಗೆ ಕಡ್ಡಿರಾಂಪುರದಲ್ಲಿ ಪುನರ್ವಸತಿಯ ವ್ಯವಸ್ಥೆಯಾಯಿತು. ಆ ಕ್ರಮದ ಸರಿತಪ್ಪುಗಳ ಚರ್ಚೆ ಈ ಲೇಖನದ ವ್ಯಾಪ್ತಿಗೆ ಸೇರುವುದಿಲ್ಲ. ಆದರೆ ಚಿಕ್ಕ ಚಿಕ್ಕ ಬದಲಾವಣೆಗಳನ್ನು ಆಯಾ ಕಾಲದಲ್ಲಿ ಕೂತು ಮಾತನಾಡಿ ತಿದ್ದದಿದ್ದಲ್ಲಿ, ಪರಿಹಾರವು ಮುಂದೊಮ್ಮೆ ಮೇಲಿನಿಂದ, ಒಂದೇ ದಿನ, ಕಠೋರ ರೂಪದಲ್ಲಿ ಬರುತ್ತದೆ.

ಪಂಚಾಯಿತಿಗೆ ಇರುವ ಅಧಿಕಾರ

ಪಾರಂಪರಿಕ ಕಟ್ಟಡವೆಂದು ಕಾನೂನುಬದ್ಧವಾಗಿ ಘೋಷಿಸುವ ಕಾರ್ಯ ಯೋಜನಾ ಪ್ರಾಧಿಕಾರದಂತಹ ಸಕ್ಷಮ ಪ್ರಾಧಿಕಾರಕ್ಕೆ ಸೇರಿದ್ದು. ಗ್ರಾಮ ಪಂಚಾಯಿತಿಯು ತಾನೇ ಪಟ್ಟಿ ಮಾಡಿ ಅಂಟಿಸಿದರೆ ಅದಕ್ಕೆ ಆ ಬಲ ಬರುವುದಿಲ್ಲ. ಹಾಗೆಂದು ಪಂಚಾಯಿತಿ ಬರಿಗೈಯಲ್ಲಿಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೆಯ ಪ್ರಕರಣದಂತೆ, ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿಯಿಲ್ಲದೆ ಕಟ್ಟಡ ನಿರ್ಮಿಸುವಂತಿಲ್ಲ. ಇರುವ ಕಟ್ಟಡವನ್ನು ಮಾರ್ಪಡಿಸುವಂತಿಲ್ಲ ಅಥವಾ ಪುನರ್ನಿರ್ಮಿಸುವಂತಿಲ್ಲ. ಆದ್ದರಿಂದ ಹಳೆಯ ಮನೆಯನ್ನು ತೆಗೆದು ಹೊಸದನ್ನು ಕಟ್ಟುವ ಪ್ರತಿಯೊಂದು ಪ್ರಸ್ತಾವವೂ ಪಂಚಾಯಿತಿಯ ಮೇಜಿನ ಮೇಲೆ ಬರಲೇಬೇಕು. ಮಾಲೀಕನೊಂದಿಗೆ ಮಾತನಾಡಲು, ನಕ್ಷೆಯಲ್ಲಿ ಮುಂಭಾಗವನ್ನು ಉಳಿಸಿಕೊಳ್ಳುವ ಸಾಧ್ಯತೆ ನೋಡಲು ಸಿಗುವ ಕಾಲ ಅದೊಂದೇ. ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಸಾಂಸ್ಕೃತಿಕ ಚಟುವಟಿಕೆಗಳೂ ಸಮುದಾಯದ ಆಸ್ತಿಗಳ ನಿರ್ವಹಣೆಯೂ ಸೇರಿವೆ ಎಂಬುದನ್ನು ಸಹ ಸ್ಮರಿಸಬಹುದು.

ಮೊದಲ ಕೆಲಸ ದಾಖಲೆ. ಆಸ್ತಿ ವಹಿಯಿಂದ ಮಾಲೀಕರ ಹೆಸರು, ಅಳತೆ, ಚೆಕ್ಕುಬಂದಿ ತಿಳಿಯುತ್ತದೆ. ಮನೆಯ ಗುಣ ತಿಳಿಯುವುದಿಲ್ಲ. ಮುಖ್ಯ ಬೀದಿಯ ಎರಡೂ ಬದಿಗಳ ಪ್ರತಿ ಕಟ್ಟಡದ ಮುಂಭಾಗದ ಛಾಯಾಚಿತ್ರ, ಗೋಡೆ ಮತ್ತು ಸೂರಿನ ಸಾಮಗ್ರಿ, ಅಂತಸ್ತು, ಈಗಿನ ಬಳಕೆ, ಊರಿನ ಹಿರಿಯರು ಹೇಳುವ ವಿವರ, ಬಾಗಿಲ ಮೇಲೆ ಇಸವಿ ಕೆತ್ತಿದ್ದರೆ ಆ ಇಸವಿ, ಇವನ್ನು ಒಂದು ವಹಿಯಲ್ಲಿ ಆಸ್ತಿ ಸಂಖ್ಯೆಯೊಂದಿಗೆ ಬರೆದಿಡುವುದು ಸಾಕು. ಹಿರಿಯರು ಹೇಳಿದ್ದನ್ನು ಹೇಳಿಕೆಯೆಂದೇ ಬರೆಯಬೇಕು. ಸಾಧಾರಣ ಮನೆಯನ್ನು ಪಾಳೆಯಗಾರರ ಅರಮನೆಯೆಂದು ಬರೆದರೆ ಇಡೀ ವಹಿಯ ಮೇಲಿನ ವಿಶ್ವಾಸವೇ ಹೋಗುತ್ತದೆ. ವಹಿಯನ್ನು ಗ್ರಾಮಸಭೆಯ ಮುಂದಿಟ್ಟು, ಆಕ್ಷೇಪಣೆಗಳನ್ನು ಆಲಿಸಿ, ನಿರ್ಣಯದೊಂದಿಗೆ ಯೋಜನಾ ಪ್ರಾಧಿಕಾರಕ್ಕೂ ಪುರಾತತ್ವ ಇಲಾಖೆಗೂ ಕಳುಹಿಸಬಹುದು.

ಮಾಲೀಕರ ಕಷ್ಟ ನಿಜವಾದುದು. ಹಳೆಯ ಮನೆ ನಾಲ್ವರು ಅಣ್ಣತಮ್ಮಂದಿರಿಗೆ ಪಾಲಾದಾಗ ಜಗಲಿಯ ಮಧ್ಯೆ ಗೋಡೆ ಏಳುತ್ತದೆ. ಒಬ್ಬನ ಪಾಲಿನ ಸೂರು ಸೋರಿದರೆ ಉಳಿದವರು ಹಣ ಕೊಡುವುದಿಲ್ಲ. ಮುಂಬಯಿಯಂತಹ ನಗರದಲ್ಲಿ ಪಟ್ಟಿಯ ಕಟ್ಟಡದ ಮಾಲೀಕನು ಬಳಸಲಾಗದ ನಿರ್ಮಾಣ ಹಕ್ಕನ್ನು ಬೇರೆಡೆ ವರ್ಗಾಯಿಸಿ ನಷ್ಟ ತುಂಬಿಕೊಳ್ಳಬಹುದು. ಗ್ರಾಮದಲ್ಲಿ ಅಂತಹ ಹಕ್ಕನ್ನು ಕೊಳ್ಳುವವರಿಲ್ಲ; ಆ ಮಾರ್ಗದ ಮಾತು ಇಲ್ಲಿ ವ್ಯರ್ಥ. ಇಲ್ಲಿ ನೆರವಾಗುವುದು ಹತ್ತಿರದ ನೆರವು. ಪುದುಚೇರಿಯ ವೈಶ್ಯಾಳ್ ಬೀದಿಯಲ್ಲಿ ಜಗಲಿಯುಳ್ಳ ತಮಿಳು ಮನೆಗಳ ಸಾಲೊಂದರ ಮುಂಭಾಗಗಳನ್ನು ನಗರಸಭೆ, ಇನ್‌ಟ್ಯಾಕ್ ಸಂಸ್ಥೆ ಮತ್ತು ನಿವಾಸಿಗಳು ಕೂಡಿ, ಐರೋಪ್ಯ ಒಕ್ಕೂಟದ ಕಾರ್ಯಕ್ರಮವೊಂದರ ನೆರವಿನಿಂದ ದುರಸ್ತಿ ಮಾಡಿದರು. ಆ ಕಾರ್ಯಕ್ಕೆ 2008ರಲ್ಲಿ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪರಂಪರೆ ಪ್ರಶಸ್ತಿ ದೊರೆಯಿತು. ಅಲ್ಲಿ ಜನ ಮನೆಯನ್ನು ಬಿಟ್ಟು ಹೋಗಬೇಕಾಗಲಿಲ್ಲ.

ಪಂಚಾಯಿತಿಯದೇ ಕಾಮಗಾರಿಗಳು

ಈ ಭಾಗವನ್ನು ಸದಸ್ಯರು ವಿಶೇಷವಾಗಿ ಪರಿಶೀಲಿಸಬೇಕೆಂದು ಕೋರಲಾಗಿದೆ. ಹಳೆಯ ಬೀದಿಗೆ ಮಾಲೀಕರಿಗಿಂತ ಹೆಚ್ಚಿನ ಹಾನಿಯನ್ನು ಕೆಲವೊಮ್ಮೆ ಸಾರ್ವಜನಿಕ ಕಾಮಗಾರಿಗಳೇ ಮಾಡುತ್ತವೆ. ಹಳೆಯ ಪದರವನ್ನು ಅಗೆದು ತೆಗೆಯದೆ ಅದರ ಮೇಲೆಯೇ ಕಾಂಕ್ರೀಟ್ ಹಾಕುವುದರಿಂದ ಪ್ರತಿ ಸಲವೂ ರಸ್ತೆ ಏರುತ್ತದೆ. ಮೂರು ಮೆಟ್ಟಿಲು ಹತ್ತಿ ಏರಬೇಕಾಗಿದ್ದ ಜಗಲಿ ಕೆಲವು ಕಾಮಗಾರಿಗಳಲ್ಲಿ ರಸ್ತೆಯ ಮಟ್ಟಕ್ಕೆ ಬರುತ್ತದೆ; ಅಲ್ಲಿಂದ ಮುಂದೆ ಮಳೆಯ ನೀರು ಬೀದಿಯಿಂದ ಮನೆಯೊಳಕ್ಕೆ ಹರಿಯುತ್ತದೆ. ಮಣ್ಣಿನ ಅಥವಾ ಸುಣ್ಣದ ಗಾರೆಯ ಗೋಡೆಯ ಬುಡ ಸದಾ ಒದ್ದೆಯಾಗಿದ್ದರೆ ಆ ಗೋಡೆ ನಿಲ್ಲದು. ಮಾಲೀಕನು ‘ಮನೆ ಹಳೆಯದಾಯಿತು’ ಎಂದು ಅದನ್ನು ಕೆಡವುತ್ತಾನೆ. ಅಂದಾಜುಪಟ್ಟಿಯಲ್ಲಿಯೇ ಹಳೆಯ ಪದರ ತೆಗೆಯುವ ಬಾಬನ್ನು ಸೇರಿಸುವಂತೆ ಎಂಜಿನಿಯರರಿಗೆ ತಿಳಿಸಬಹುದು. ರಸ್ತೆ ಮತ್ತು ಚರಂಡಿಯ ಮಟ್ಟವನ್ನು ಅತ್ಯಂತ ತಗ್ಗಿನ ಜಗಲಿಗಿಂತ ಕೆಳಗೆ ಗೊತ್ತುಪಡಿಸಬಹುದು. ಇದಕ್ಕೆ ಯಾವ ಘೋಷಣೆಯೂ ಬೇಡ, ಒಂದು ನಿರ್ಣಯ ಸಾಕು.

ಪಂಚಾಯಿತಿಯ ಸ್ವಂತ ಚಾವಡಿ, ಛತ್ರ, ಹಳೆಯ ಕಚೇರಿಗಳ ವಿಷಯವೂ ಇದೇ. ಸುಣ್ಣದ ಗಾರೆಯ ಗೋಡೆಯ ಮೇಲೆ ಸಿಮೆಂಟ್ ಗಿಲಾವು ಬಳಿದರೆ ಮೊದಲ ವರ್ಷ ಅಂದವಾಗಿ ಕಾಣುತ್ತದೆ. ಸುಣ್ಣದ ಗೋಡೆ ಒಳಗಿನ ತೇವವನ್ನು ಮೇಲ್ಮೈಯ ಮೂಲಕ ಹೊರಕ್ಕೆ ಬಿಡುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ತೇವ ಒಳಗೇ ಸೇರಿ ಗಾರೆಯನ್ನು ಸಡಿಲಗೊಳಿಸುತ್ತದೆ, ಗೋಡೆಯಲ್ಲಿ ಹುದುಗಿರುವ ತೊಲೆಯ ತುದಿಯನ್ನು ಕೊಳೆಸುತ್ತದೆ. ಸುಣ್ಣದ ಕೆಲಸ ಬಲ್ಲ ಗಾರೆಯವರು ಕಡಿಮೆಯಾಗಿದ್ದಾರೆ. ನೆರೆಹೊರೆಯ ಪಂಚಾಯಿತಿಗಳು ಕೂಡಿ ಅಂತಹ ಒಬ್ಬರನ್ನು ಗುರುತಿಸಿಕೊಂಡರೆ ಖರ್ಚೂ ಹಂಚಿಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಹೆಂಚು ತಿರುವುವುದು, ದೋಣಿಗಳಲ್ಲಿ ಸೇರಿದ ಎಲೆ ತೆಗೆಯುವುದು, ಗೋಡೆಯಲ್ಲಿ ಬೇರೂರಿದ ಅರಳಿ ಸಸಿಯನ್ನು ಚಿಕ್ಕದಿರುವಾಗಲೇ ಕೀಳುವುದು ಕಡಿಮೆ ವೆಚ್ಚದ ಕೆಲಸಗಳು. ಕಟ್ಟಡಗಳು ಬಹುಮಟ್ಟಿಗೆ ಬೀಳುವುದು ಇವುಗಳನ್ನು ಮಾಡದಿರುವುದರಿಂದ.

ಕಟ್ಟಡವೊಂದು ಅಪಾಯದ ಸ್ಥಿತಿಯಲ್ಲಿದೆ ಎಂಬ ದೂರು ಬಂದಾಗ ಜೀವರಕ್ಷಣೆಯೇ ಮೊದಲು. ಕೂಡಲೇ ಜನರನ್ನು ಹೊರಗಿಟ್ಟು, ಬೀದಿಗೆ ತಡೆ ಹಾಕಿ, ಮರದ ಅಥವಾ ಕಬ್ಬಿಣದ ಆಸರೆ ಕೊಡಬೇಕು. ಕೆಡವುವ ತೀರ್ಮಾನವನ್ನು ಮಾತ್ರ ಎಂಜಿನಿಯರರ ಲಿಖಿತ ವರದಿ ಬಂದ ಅನಂತರವೇ, ಯಾವ ಭಾಗ ಅಪಾಯಕಾರಿ ಮತ್ತು ಯಾವ ಭಾಗ ಗಟ್ಟಿಯಾಗಿದೆ ಎಂಬುದು ಅದರಲ್ಲಿ ಪ್ರತ್ಯೇಕವಾಗಿ ನಮೂದಾಗಿರುವುದನ್ನು ನೋಡಿಕೊಂಡು, ಸಭೆಯಲ್ಲಿ ಕೈಗೊಳ್ಳತಕ್ಕದ್ದು. ಕೆಡವಲೇಬೇಕಾದಲ್ಲಿ, ಕಂಬ, ಬೋದಿಗೆ, ಬಾಗಿಲವಾಡಗಳನ್ನು ಹರಾಜಿಗೆ ಹಾಕುವ ಮೊದಲು ಅಳತೆಯೊಂದಿಗೆ ಛಾಯಾಚಿತ್ರ ತೆಗೆದು ವಹಿಯಲ್ಲಿ ಸೇರಿಸಿಡಬೇಕು.